ಸನಾದಿ ಕೇಳಿದ ಕಿವಿಗೆ ಒಂದು ಜಾಝ್ ಧ್ವನಿಮುದ್ರಿಕೆ



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯವರಾದ ನಿಮಗೆ ಸನಾದಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಮದುವೆಯ ಅಕ್ಕಿಕಾಳಿನ ಹೊತ್ತಿನಲ್ಲೋ ಜಾತ್ರೆಯಲ್ಲೋ ಅದನ್ನು ಕೇಳಿರುತ್ತೀರಿ. ಆದರೆ ಜಾಝ್ ಎಂದೊಡನೆ, ‘ಅದು ನಮ್ಮದಲ್ಲ, ನಮಗೆ ತಿಳಿಯುವುದಿಲ್ಲ’ ಎಂದು ದೂರ ಸರಿಯುತ್ತೇವೆ. ಸನಾದಿ ಮತ್ತು ಭಜನೆ ಕೇಳಿದ ಕಿವಿ ಜಾಝ್ ಸಂಗೀತದ ಒಂದು ಶ್ರೇಷ್ಠ ಧ್ವನಿಮುದ್ರಿಕೆಯನ್ನು ಕೇಳಲು ಆಗಲೇ ಸಿದ್ಧವಾಗಿದೆ ಎಂಬುದೇ ಇಂದಿನ ಮಾತು.

ಮೊದಲು ವಾದ್ಯವನ್ನು ನೋಡೋಣ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬುವರು ತಾವು ರೂಪಿಸಿದ ಸ್ಯಾಕ್ಸೋಫೋನಿಗೆ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದರು. ಅದರ ಮೈ ಹಿತ್ತಾಳೆಯದಾದರೂ ನಾದ ಹುಟ್ಟುವುದು ಬಾಯಿಯಲ್ಲಿ ಹಿಡಿಯುವ ರೀಡಿನಿಂದ. ಸನಾದಿಯಲ್ಲಿ ರೀಡು ಜೋಡಿ, ಇಲ್ಲಿ ಒಂಟಿ. ಎರಡರ ಕೊಳವೆಯೂ ಬಾಯಿಯಿಂದ ತುದಿಯ ಕಡೆಗೆ ಅಗಲವಾಗುತ್ತ ಹೋಗುವ ಶಂಕುವಿನ ಆಕಾರದ್ದು. ಆದ್ದರಿಂದ ಮೇಲಿನ ನಾದಕ್ಕೆ ಜಿಗಿಸಿದಾಗ ಕಂಪನಸಂಖ್ಯೆ ಇಮ್ಮಡಿಯಾಗಿ, ಅದೇ ಸ್ವರ ಮೇಲಿನ ಸಪ್ತಕದಲ್ಲಿ ಕೇಳುತ್ತದೆ. ಬ್ಯಾಂಡಿನವರ ಕ್ಲಾರಿನೆಟ್ ಹಾಗಲ್ಲ. ಅದರ ಕೊಳವೆ ಬಹುಪಾಲು ಒಂದೇ ಅಗಲದ್ದು. ಅಲ್ಲಿ ಕಂಪನಸಂಖ್ಯೆ ಮುಮ್ಮಡಿಯಾಗುತ್ತದೆ. ಭೌತಶಾಸ್ತ್ರದ ದೃಷ್ಟಿಯಿಂದ ಸ್ಯಾಕ್ಸೋಫೋನ್ ಸನಾದಿಯ ಹತ್ತಿರದ ನೆಂಟ ಎಂದರೆ ತಪ್ಪಾಗಲಾರದು.

ಈಗ ಧ್ವನಿಮುದ್ರಿಕೆಗೆ ಬರೋಣ. ಹೆಸರು ‘ಎ ಲವ್ ಸುಪ್ರೀಮ್’, ಅಂದರೆ ಪರಮ ಪ್ರೇಮ. ಟೆನರ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರು 1964ರ ಡಿಸೆಂಬರ್ 9ರಂದು ಅಮೆರಿಕದ ನ್ಯೂಜೆರ್ಸಿಯ ಸ್ಟುಡಿಯೋ ಒಂದರಲ್ಲಿ ಇದನ್ನು ಮುದ್ರಿಸಿದರು. ಪಿಯಾನೋದಲ್ಲಿ ಮೆಕಾಯ್ ಟೈನರ್, ಬಾಸ್‌ನಲ್ಲಿ ಜಿಮ್ಮಿ ಗ್ಯಾರಿಸನ್, ಡ್ರಮ್‌ನಲ್ಲಿ ಎಲ್ವಿನ್ ಜೋನ್ಸ್. ಹೀಗೆ ನಾಲ್ವರ ತಂಡ. ಒಟ್ಟು ಅವಧಿ ಸುಮಾರು 33 ನಿಮಿಷ.

ಇದರ ಹಿಂದೆ ಒಂದು ಬದುಕಿನ ಕಥೆಯಿದೆ. 1926ರಲ್ಲಿ ಹುಟ್ಟಿದ ಕೋಲ್ಟ್ರೇನ್ ಅವರ ತಾತಂದಿರಿಬ್ಬರೂ ಚರ್ಚಿನ ಬೋಧಕರಾಗಿದ್ದರು. ಯೌವನದಲ್ಲಿ ಅವರು ಹೆರಾಯಿನ್ ಮತ್ತು ಕುಡಿತಕ್ಕೆ ಸಿಲುಕಿದರು. 1957ರಲ್ಲಿ, ಮೈಲ್ಸ್ ಡೇವಿಸ್ ಅವರ ಪ್ರಸಿದ್ಧ ತಂಡದಿಂದ ಹೊರಬೀಳಬೇಕಾಯಿತು. ಅದೇ ವರ್ಷ ಚಟ ಬಿಟ್ಟು, ಕಠಿಣ ಸಾಧನೆಯಿಂದ ಮತ್ತೆ ಎದ್ದುನಿಂತರು. ಆ ಬಿಡುಗಡೆಗೆ ಕೃತಜ್ಞತೆಯಾಗಿ ದೇವರಿಗೆ ಅರ್ಪಿಸಿದ ಕೃತಿ ಇದು.

ಕೃತಿಯಲ್ಲಿ ನಾಲ್ಕು ಭಾಗಗಳಿವೆ. ಮೊದಲ ಭಾಗದಲ್ಲಿ ಒಂದು ಜಾಗಟೆಯ ನಾದ, ಸ್ಯಾಕ್ಸೋಫೋನಿನ ಚಿಕ್ಕ ಪೀಠಿಕೆ, ಆಮೇಲೆ ಬಾಸ್ ವಾದ್ಯದಲ್ಲಿ ನಾಲ್ಕೇ ಸ್ವರಗಳ ಒಂದು ತುಣುಕು. ಆ ಭಾಗಕ್ಕೆಲ್ಲ ಅದೇ ಬೀಜ. ಕೋಲ್ಟ್ರೇನ್ ಕೊನೆಗೆ ಆ ತುಣುಕನ್ನು ಹನ್ನೆರಡು ಶ್ರುತಿಸ್ಥಾನಗಳಲ್ಲಿಯೂ ಇಟ್ಟು ನುಡಿಸುತ್ತಾರೆ. ನಂತರ ವಾದ್ಯವನ್ನು ಬದಿಗಿಟ್ಟು, ಶೀರ್ಷಿಕೆಯ ಮಾತನ್ನೇ ಆ ನಾಲ್ಕು ಸ್ವರಗಳಲ್ಲಿ ಮಂತ್ರದಂತೆ ಪಠಿಸುತ್ತಾರೆ. ಅಷ್ಟು ಹೊತ್ತು ನಾವು ಕೇಳಿದ್ದು ಒಂದು ಮಾತು ಎಂದು ಆಗ ತಿಳಿಯುತ್ತದೆ.

ಇದು ನಮಗೆ ತೀರ ಹೊಸದೇ? ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದ ಸಂತ ಶರೀಫರ (1819–1889) ತತ್ವಪದಗಳನ್ನು ಭಜನಾಮೇಳದಲ್ಲಿ ಹಾಡುವುದನ್ನು ನೆನಪಿಸಿಕೊಳ್ಳಿ. ಮುಂದಾಳು ಪಲ್ಲವಿ ಎತ್ತುತ್ತಾನೆ, ಮೇಳ ಹಿಡಿದುಕೊಳ್ಳುತ್ತದೆ. ಪಲ್ಲವಿ ಮರಳಿ ಮರಳಿ ಬಂದಂತೆ ಅರ್ಥ ಆಳಕ್ಕಿಳಿಯುತ್ತದೆ. ಹಾನಗಲ್ಲ ತಾಲ್ಲೂಕಿನವರೇ ಆದ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಬೆಳೆಸಿದ ಹಿಂದುಸ್ತಾನಿ ಗಾಯನದಲ್ಲಿಯೂ ಕೆಲವೇ ಸ್ವರಗಳನ್ನು ಹಿಡಿದು ಬಹಳ ಹೊತ್ತು ಬಿಡಿಸುತ್ತ ಹೋಗುವ ಕ್ರಮವಿದೆ.

ಕೊನೆಯ ಭಾಗ ಇನ್ನೂ ಗಮನಾರ್ಹವಾದುದು. ಕೋಲ್ಟ್ರೇನ್ ತಾವೇ ಬರೆದ ಒಂದು ಪ್ರಾರ್ಥನೆಯನ್ನು ಹೊದಿಕೆಯ ಒಳಪುಟದಲ್ಲಿ ಅಚ್ಚು ಮಾಡಿಸಿದ್ದಾರೆ. ಅದರ ಒಂದೊಂದು ಅಕ್ಷರವನ್ನೂ ಬಾಯಿಂದ ಹೇಳದೆ ಸ್ಯಾಕ್ಸೋಫೋನಿನಿಂದ ಓದುತ್ತಾರೆ. ಅಚ್ಚಾದ ಸಾಲುಗಳನ್ನು ಕಣ್ಣಿನಿಂದ ಹಿಂಬಾಲಿಸಿದರೆ ಎಲ್ಲಿ ಉಸಿರು ನಿಂತಿತು, ಎಲ್ಲಿ ದನಿ ಏರಿತು ಎಂಬುದು ಸ್ಪಷ್ಟವಾಗುತ್ತದೆ.

ವಾದ್ಯದಿಂದ ಸಾಹಿತ್ಯವನ್ನು ಹೇಳಿಸುವ ಈ ಕೆಲಸವನ್ನು ಅದೇ ಸ್ಯಾಕ್ಸೋಫೋನಿನಲ್ಲಿ ಮಾಡಿ ತೋರಿಸಿದ ಕನ್ನಡಿಗರೊಬ್ಬರಿದ್ದಾರೆ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ (1949–2019) ನಾಗಸ್ವರ ವಾದಕರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮನಸೋತವರು. ಸನಾದಿಯಲ್ಲಿ ಬೆರಳನ್ನು ಅರ್ಧ ಸರಿಸಿ ಸ್ವರವನ್ನು ಜಾರಿಸಬಹುದು. ಸ್ಯಾಕ್ಸೋಫೋನಿನ ರಂಧ್ರಗಳನ್ನು ಮುಚ್ಚುವುದು ಕೀಲಿಗಳು. ಅಲ್ಲಿ ಗಮಕ ಸುಲಭವಲ್ಲ. ಕದ್ರಿಯವರು ವಾದ್ಯವನ್ನು ತಕ್ಕಂತೆ ಮಾರ್ಪಡಿಸಿಕೊಂಡು, ವರ್ಷಗಟ್ಟಲೆ ಅಭ್ಯಾಸ ಮಾಡಿ, ಆಲ್ಟೋ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತದ ಕೀರ್ತನೆಗಳನ್ನು ನುಡಿಸಿದರು. ಕೀರ್ತನೆ ಬಲ್ಲ ಕೇಳುಗರಿಗೆ ಅದರ ಸಾಹಿತ್ಯ ತಾನಾಗಿಯೇ ಕೇಳಿಸುತ್ತಿತ್ತು. ಅತ್ತ ಕೋಲ್ಟ್ರೇನ್ ಕೂಡ ರವಿಶಂಕರ್ ಅವರ ಸಂಗೀತಕ್ಕೆ ಮನಸೋತು, 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದು ಹೆಸರಿಟ್ಟರು.

ಈ ಧ್ವನಿಮುದ್ರಿಕೆ ಸಿಕ್ಕಾಗ ಒಂದೇ ಸಲಕ್ಕೆ ತೀರ್ಮಾನಕ್ಕೆ ಬರಬೇಡಿ. ಮೊದಲ ಸಲ ಬಾಸಿನ ನಾಲ್ಕು ಸ್ವರಗಳನ್ನಷ್ಟೇ ಹಿಂಬಾಲಿಸಿ. ಎರಡನೆಯ ಸಲ ಡ್ರಮ್ಮನ್ನು ಗಮನಿಸಿ. ಮೂರನೆಯ ಭಾಗ ಅದರಿಂದಲೇ ಆರಂಭವಾಗುತ್ತದೆ. ಮೂರನೆಯ ಸಲ ಪ್ರಾರ್ಥನೆಯ ಪುಟವನ್ನು ಎದುರಿಗಿಟ್ಟುಕೊಂಡು ಕೊನೆಯ ಭಾಗವನ್ನು ಕೇಳಿ. ಮುಂದೆ ಯಾವುದಾದರೂ ಮದುವೆಯಲ್ಲಿ ಸನಾದಿಯವರು ನಿಮಗೆ ಗೊತ್ತಿರುವ ಹಾಡನ್ನು ನುಡಿಸಿದರೆ, ಅದರ ಮಾತುಗಳು ನಿಮಗೆ ಕೇಳಿಸುತ್ತವೆಯೇ ಎಂದು ನೋಡಿ.