ಎರಡು ಮನೆಗಳ ನಡುವೆ



ಹೋದ ವಾರ ನಾವು 'ಮನೆ' ಪಾಠ ಓದಿದೆವು. ಎರಡೇ ಅಕ್ಷರ. ಬರೆಯೋದು ಸುಲಭ, ಕೊಳ್ಳೋದು ಕಷ್ಟ. ಇವತ್ತು ಆ ಕಷ್ಟದ ಮಾತು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳು ನಿಮಗೆ ಗೊತ್ತು. ಅಂಥ ಒಂದು ಭಟ್ಟಿಯಲ್ಲಿ ದುಡಿಯುವ ಅಕ್ಕ ಒಬ್ಬರು ನಮ್ಮ ಕೇಂದ್ರಕ್ಕೆ ಬರುತ್ತಾರೆ. ಹೆಸರು ಬೇಡ. ಏಳು ವರ್ಷದಿಂದ ಒಂದೇ ಬಾಡಿಗೆ ಮನೆ. ಒಂದು ಕೋಣೆ, ಹೊರಗೆ ನಲ್ಲಿ. ತಿಂಗಳಿಗೆ 2,500 ರೂಪಾಯಿ. ಕೈಗೆ ಕೊಡೋದು, ರಸೀತಿ ಇಲ್ಲ.

ಅಕ್ಕ ಚೀಟಿ ಕಟ್ಟಿದರು. ಸಂಘದಲ್ಲಿ ಸಾಲ ಮಾಡಿದರು. ಊರಂಚಿನಲ್ಲಿ ಒಂದು ಹಳೇ ಮನೆ ನೋಡಿ 1 ಲಕ್ಷ ಮುಂಗಡ ಕೊಟ್ಟರು. ಕರಾರು ಆಯ್ತು. ಉಳಿದ ಹಣಕ್ಕೆ ಬ್ಯಾಂಕಿಗೆ ಅರ್ಜಿ ಹಾಕಿದರು.

ಸುದ್ದಿ ಬಾಡಿಗೆ ಮನೆಯ ಮಾಲೀಕರ ಕಿವಿಗೆ ಬಿತ್ತು. "ಸ್ವಂತ ಮನೆ ಆಯ್ತಲ್ಲಮ್ಮ, ತಿಂಗಳ ಕೊನೆಗೆ ಖಾಲಿ ಮಾಡು" ಅಂದರು. ಒಂದು ಕಾಗದಾನೂ ತಂದರು. "ಇಲ್ಲಿ ಹೆಬ್ಬೆಟ್ಟು ಒತ್ತು."

"ಓದಿ ಕೊಡ್ತೀನಿ" ಅಂದರು ಅಕ್ಕ. ಮಾಲೀಕರು ನಕ್ಕರಂತೆ. ಅಕ್ಷರ ಕೂಡಿಸಿ ಕೂಡಿಸಿ ಓದೋಕೆ ಅರ್ಧ ಗಂಟೆ ಹಿಡಿಯಿತು. 'ನನ್ನ ಸ್ವಂತ ಇಷ್ಟದಿಂದ ಮನೆ ಬಿಡುತ್ತೇನೆ. ಅಡ್ವಾನ್ಸ್ ಹಣ ವಾಪಸು ಬಂದಿದೆ' ಅಂತ ಇತ್ತು. ಅಡ್ವಾನ್ಸ್ 20,000 ರೂಪಾಯಿ. ಅದರಲ್ಲಿ ಒಂದು ಪೈಸೆಯೂ ಬಂದಿರಲಿಲ್ಲ! ಅಕ್ಕ ಒತ್ತಲಿಲ್ಲ.

ನಾವು ಶಾಲೆ ಮೇಷ್ಟ್ರುಗಳು, ವಕೀಲರಲ್ಲ. ನಮಗೂ ಎಲ್ಲ ಗೊತ್ತಿರಲಿಲ್ಲ. ಅಕ್ಕನ ಜೊತೆ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋದೆವು. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ ಅಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ಆದಾಯ ಎಷ್ಟೇ ಇರಲಿ. ತಾಲ್ಲೂಕು ಕೋರ್ಟುಗಳಲ್ಲೂ ಇದರ ಸಮಿತಿ ಇರುತ್ತದೆ.

ವಕೀಲರಮ್ಮ ಮೊದಲು ಬಾಡಿಗೆ ಮನೆಯ ಮಾತು ಹೇಳಿದರು. ಬರವಣಿಗೆ ಇಲ್ಲದ ತಿಂಗಳ ಬಾಡಿಗೆಗೆ 15 ದಿನದ ನೋಟೀಸು ಕೊಡಬೇಕು. ಅದೂ ಬರವಣಿಗೆಯಲ್ಲಿ. ನೋಟೀಸಿನ ದಿನ ಮುಗಿಯಿತು ಅಂತ ಪಾತ್ರೆ ಪಗಡ ಬೀದಿಗೆ ಎಸೆಯುವ ಹಾಗಿಲ್ಲ. ನಾವು ಬಿಡದಿದ್ದರೆ ಮಾಲೀಕರು ಕೋರ್ಟಿಗೆ ಹೋಗಬೇಕು. ಬಲವಂತದಿಂದ ಹೊರಗೆ ಹಾಕಿದರೆ ಆರು ತಿಂಗಳ ಒಳಗೆ ನಾವೇ ದಾವೆ ಹೂಡಬಹುದು. ಆದರೆ ಕೋರ್ಟಿನಿಂದ ಕಾಗದ ಬಂದರೆ ಗೂಡಿನಲ್ಲಿ ಇಟ್ಟು ಮರೆಯಬಾರದು. ಹೋಗಲೇಬೇಕು. ಬಾಡಿಗೆಯನ್ನೂ ನಿಲ್ಲಿಸಬಾರದು. ಅಕ್ಕ ಅಂದಿನಿಂದ ಬಾಡಿಗೆಯನ್ನು ಮಾಲೀಕರ ಬ್ಯಾಂಕ್ ಖಾತೆಗೇ ಕಟ್ಟಿದರು. ಚೀಟಿ ಜೋಪಾನ ಮಾಡಿದರು.

ಆಮೇಲೆ ವಕೀಲರಮ್ಮ ಕೇಳಿದರು, "ಹೊಸ ಮನೆ ನಿಮ್ಮದಾಯ್ತಾ?" "ಆಯ್ತಲ್ಲ, ಕರಾರು ಇದೆ" ಅಂದರು ಅಕ್ಕ. ನಾವೂ ತಲೆ ಆಡಿಸಿದೆವು. ಇಬ್ಬರದೂ ತಪ್ಪು!

ಕರಾರು ಬೇರೆ, ಕ್ರಯಪತ್ರ ಬೇರೆ. 'ಮಾರುತ್ತೇನೆ' ಅನ್ನುವ ಮಾತು ಕರಾರು. 'ಮಾರಿದ್ದೇನೆ' ಅನ್ನುವುದು ಕ್ರಯಪತ್ರ. ಮದುವೆ ಗೊತ್ತಾಗೋದು, ತಾಳಿ ಬೀಳೋದು, ಹಾಗೆ ಅಂದುಕೊಳ್ಳಿ. ಕ್ರಯಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗುವ ತನಕ ಮನೆ ಮಾರುವವರದೇ. ಅಲ್ಲಿ ಋಣಭಾರ ಪತ್ರ ಅಂತಲೂ ಕೊಡುತ್ತಾರೆ. ಆ ಮನೆಯ ಮೇಲೆ ನೋಂದಣಿಯಾದ ಅಡಮಾನ, ಮಾರಾಟ ಅದರಲ್ಲಿ ಕಾಣುತ್ತದೆ. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು ಅದರಲ್ಲಿ ಕಾಣೋದಿಲ್ಲ. ಅದನ್ನು ಓಣಿಯಲ್ಲೇ ವಿಚಾರಿಸಬೇಕು.

ಅಕ್ಕ ವಿಚಾರಿಸಿದರು. ಮಾರುವವರಿಗೆ ಒಬ್ಬ ತಮ್ಮ ಇದ್ದಾನೆ! ಅವನ ಸಹಿ ಇಲ್ಲದೆ ಸಾಲ ಕೊಡೋದಿಲ್ಲ ಅಂತ ಬ್ಯಾಂಕಿನವರೂ ಅಂದರು. ಅವನು ಬರೋಕೆ ನಾಲ್ಕು ತಿಂಗಳಾಯ್ತು. ಅಂದು ಹೆಬ್ಬೆಟ್ಟು ಒತ್ತಿದ್ದರೆ ಆ ನಾಲ್ಕು ತಿಂಗಳು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿ ಇರಬೇಕಿತ್ತು?

ಬಾಡಿಗೆ ಮನೆಯ ಮಾಲೀಕರೂ ಕೆಟ್ಟವರೇನಲ್ಲ. ಅವರ ಮಗನಿಗೆ ಮದುವೆ ಗೊತ್ತಾಗಿತ್ತು, ಕೋಣೆ ಬೇಕಿತ್ತು. ವಕೀಲರಮ್ಮ ಇಬ್ಬರನ್ನೂ ಕೂರಿಸಿ ಮಾತಾಡಿಸಿದರು. ನೋಂದಣಿ ಆದ ಹದಿನೈದು ದಿನಕ್ಕೆ ಮನೆ ಬಿಡೋದು, ಬೀಗದ ಕೈ ಕೊಡುವಾಗ ಅಡ್ವಾನ್ಸ್ ಕೊಡೋದು ಅಂತ ಬರೆದುಕೊಂಡರು. ಇಬ್ಬರೂ ಸಹಿ ಮಾಡಿದರು. ಆದರೂ ಸುಣ್ಣದ ಖರ್ಚು ಅಂತ 3,000 ಹಿಡಿದುಕೊಂಡರು. ಅಕ್ಕನಿಗೆ ಇನ್ನೂ ಸಿಟ್ಟಿದೆ.

ಕ್ರಯಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇದೆ. ಅದನ್ನು ಅಕ್ಕನೇ ಕೇಳಿ ಹಾಕಿಸಿದರು.

ಖಾತೆ ಬದಲಾವಣೆ ಮಾತ್ರ ಬಾಕಿ. ಬರೋ ಸೋಮವಾರ ಅರ್ಜಿ ಹಿಡಿದು ಪಾಲಿಕೆ ಕಚೇರಿಗೆ ಹೊರಟಿದ್ದಾರೆ. ಅರ್ಜಿ ಹೇಗೆ ಬರೀಬೇಕು ಅಂತ ಇವತ್ತು ಎಲ್ಲರೂ ಕೂತು ಕಲಿಯೋಣ. ಸ್ಲೇಟು ತೆಗೀರಿ.