ಧ್ರುವದ ಹಿಮ ಎಂದು ಕರಗೀತು?

(ಜಾವಳಿಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಧ್ರುವಗಳ ಹಿಮವೆಲ್ಲ ಕರಗಿ ಕಡಲು ಘಟ್ಟ ಹತ್ತುವುದು ನಿಜವೇ, ಅದು ಯಾವಾಗ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಅದನ್ನು ತಿಳಿದಷ್ಟು ವಿವರಿಸುತ್ತೇನೆ.

ಈ ಹಿಮ ಎರಡು ಬಗೆ. ಉತ್ತರ ಧ್ರುವದಲ್ಲಿ ಅದು ಕಡಲ ಮೇಲೆ ತೇಲುತ್ತದೆ. ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾಗಳಲ್ಲಿ ನೆಲದ ಮೇಲೆ ಕೂತಿದೆ. ಮೀನಿನ ಪೆಟ್ಟಿಗೆಯ ಮಂಜುಗಡ್ಡೆಯೊಂದನ್ನು ಚೊಂಬಿನ ನೀರಿನಲ್ಲಿ ತೇಲಬಿಡಿ. ಕರಗಿದರೂ ನೀರಿನ ಮಟ್ಟ ಏರದು. ನೀರಿನ ನಡುವೆ ಕಲ್ಲಿಟ್ಟು, ಅದರ ಮೇಲೆ ಗಡ್ಡೆಯನ್ನಿಡಿ. ಕರಗಿದಷ್ಟೂ ನೀರು ಏರುತ್ತದೆ.

ತೇಲುವ ಹಿಮವು 2050ರೊಳಗೆ ಒಂದು ಸೆಪ್ಟೆಂಬರಿನಲ್ಲಾದರೂ ಬಹುಪಾಲು ಇಲ್ಲವಾಗುವ ಸಂಭವವಿದೆಯೆಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ 2021ರಲ್ಲಿ ತಿಳಿಸಿತು. ನೆಲದ ಹಿಮ ಪೂರ್ತಿ ಕರಗಿದರೆ ಕಡಲು ಸುಮಾರು 65 ಮೀಟರ್ ಏರೀತು. ಆದರೆ ಅದಕ್ಕೆ ಸಾವಿರಾರು ವರ್ಷ ಬೇಕು. 1901ರಿಂದ 2018ರವರೆಗೆ ಏರಿದ್ದು ಸುಮಾರು 20 ಸೆಂಟಿಮೀಟರ್, ಎಂದರೆ ಒಂದು ಗೇಣು. ಕಡಲ್ಕೊರೆತ ಕಾಣುವ ಉಳ್ಳಾಲದವರಿಗೆ ಆ ಗೇಣೂ ಹೆಚ್ಚೇ. ಜಾವಳಿಗಂತೂ ಕಡಲು ಬಾರದು.

ಹಾಗೆಂದು ನಾವು ಸುಮ್ಮನಿರುವಂತಿಲ್ಲ. ಹಿಮ ಕರಗಿಸುವ ಬಿಸಿಯೇ ನಮ್ಮ ಮಳೆಯನ್ನೂ ಏರುಪೇರು ಮಾಡುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ನೀರಿನ ಆವಿಯನ್ನು ಹಿಡಿದಿಡಬಲ್ಲದು. ಸುರಿದಾಗ ಜೋರಾಗಿ ಸುರಿಯುತ್ತದೆ. 2019ರ ಆಗಸ್ಟ್‌ನಲ್ಲಿ ನಮ್ಮ ಸೀಮೆಯ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿದ್ದು ನಿಮಗೆ ಗೊತ್ತೇ ಇದೆ. ಅಂಥ ಮಳೆಗೆ ಸಡಿಲಾದ ಇಳಿಜಾರು ನಿಲ್ಲದು.

ಆದುದರಿಂದ ನಾವು ಮಾಡತಕ್ಕ ಕೆಲಸಗಳಿವು:

1. ಕಡಿದಾದ ಇಳಿಜಾರಿನಲ್ಲಿ ಯಂತ್ರ ತಂದು ಮಣ್ಣು ತೆಗೆಸಬೇಡಿ.

2. ಬಸಿಗಾಲುವೆಗಳ ಹೂಳನ್ನು ಮೇ ತಿಂಗಳಲ್ಲೇ ತೆಗೆಯಿರಿ. ನೀರು ತೋಟದಲ್ಲಿ ನಿಲ್ಲದೆ ಹಳ್ಳ ಸೇರಲಿ.

3. ಮರಗಸಿ ಮಾಡಿರಿ, ಆದರೆ ನೆರಳು ಮರಗಳನ್ನು ಬುಡಸಹಿತ ತೆಗೆಯಬೇಡಿ. ಮಣ್ಣನ್ನು ಹಿಡಿದಿರುವುದು ಅವುಗಳ ಬೇರು.

4. ಹೂಮಳೆ ತಪ್ಪಿದ ವರ್ಷ ರೊಬಸ್ಟಾಗೆ ನೀರು ಹಾಯಿಸಲು ಕೆರೆ ಬೇಕು. ಅದನ್ನು ತಗ್ಗಿನಲ್ಲಿ ತೋಡಿಸಿ, ಗುಡ್ಡದ ನೆತ್ತಿಯಲ್ಲಿ ಬೇಡ.

5. ಪ್ರತಿದಿನದ ಮಳೆಯನ್ನು ಅಳೆದು ಬರೆದಿಡಿ. ಹತ್ತು ವರ್ಷದ ಲೆಕ್ಕ ಕೈಯಲ್ಲಿದ್ದರೆ ಮಳೆ ಹೇಗೆ ಬದಲಾಗಿದೆಯೆಂದು ನೀವೇ ಹೇಳಬಲ್ಲಿರಿ.

ಹೇಮಾವತಿ ಹುಟ್ಟುವುದು ನಮ್ಮೂರಿನಲ್ಲಿ. ಇಲ್ಲಿ ಕೊಚ್ಚಿಹೋದ ಮಣ್ಣು ಗೊರೂರು ಅಣೆಕಟ್ಟೆಯತ್ತ ಸಾಗುತ್ತದೆ. ಅದು ತಿರುಗಿ ನಮ್ಮ ತೋಟಕ್ಕೆ ಬರುವುದಿಲ್ಲ. ಈ ಮಳೆಗಾಲಕ್ಕೆ ಮುಂಚೆಯೇ ಕೆಲಸ ಆರಂಭಿಸಿರಿ. ಮುಂದಿನ ಸಭೆಗೆ ಬರುವಾಗ ಮಳೆಯ ಲೆಕ್ಕದ ಪುಸ್ತಕವನ್ನೂ ತನ್ನಿರಿ.