ಪಾಯ ತೋಡುವ ಮೊದಲು ಪಹಣಿ ನೋಡಿ

(ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳು)



ಬೆಲೆ, ಸಾಲ ಅಂತ ಮಾತಾಡೋ ಸಭೆಯಲ್ಲಿ ಮನೆ ಕಟ್ಟೋ ವಿಚಾರ ಯಾಕೆ ಅಂತ ನೀವು ಕೇಳಬಹುದು. ಮಳೆ ಹೋಗಿ ಆಗೋ ಸಾಲ ಒಂದು, ಬೆಲೆ ಬಿದ್ದು ಆಗೋ ಸಾಲ ಇನ್ನೊಂದು, ಮನೆ ಕಟ್ಟಿ ಮದುವೆ ಮಾಡಿ ಆಗೋ ಸಾಲ ಮೂರನೆಯದು. ಮೊದಲ ಎರಡು ನಮ್ಮ ಕೈಯಲ್ಲಿಲ್ಲ. ಮೂರನೆಯದು ಅರ್ಧವಾದರೂ ನಮ್ಮ ಕೈಯಲ್ಲಿದೆ. ಅದಕ್ಕೇ ಈ ಮಾತು.

ಮೊದಲು ಜಾಗ. ನಿಮ್ಮ ಮನೆ ಏಳೋದು ಗ್ರಾಮಠಾಣದೊಳಗೋ, ಹೊಲದಲ್ಲೋ? ಎರಡಕ್ಕೂ ಕಾನೂನು ಬೇರೆ.

ಗ್ರಾಮಠಾಣದೊಳಗಾದರೆ ಪಂಚಾಯಿತಿಯಿಂದ ನಮೂನೆ 9 ಮತ್ತು 11 ತೆಗೆಸಿ. 2013ರಿಂದ ಇವು ಇ-ಸ್ವತ್ತಿನಲ್ಲಿ ಬರುತ್ತಿವೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ನಿಮ್ಮೂರಿನ ಅಳತೆ ಆಗಿದ್ದರೆ ಆ ಅಳತೆಯನ್ನೂ ನೋಡಿ. ಖಾತೆ ಇನ್ನೂ ತಾತನ ಹೆಸರಲ್ಲೇ ಇದ್ದರೆ, ಅಣ್ಣತಮ್ಮಂದಿರು ಕೂತು ಭಾಗಪತ್ರ ಮಾಡಿ ನೋಂದಾಯಿಸಿ. ಪಾಯ ಹಾಕಿದ ಮೇಲೆ ಎದ್ದ ದಾಯಾದಿ ಜಗಳ ಗೋಡೆ ಏಳೋಕೆ ಬಿಡೋದಿಲ್ಲ.

ಹೊಲದಲ್ಲಿ ಕಟ್ಟೋರು 1964ರ ಭೂ ಕಂದಾಯ ಕಾಯಿದೆಯ 95ನೇ ಕಲಂ ತಿಳಿದಿರಬೇಕು. ಬೇಸಾಯಗಾರ ತನ್ನ ಸ್ವಂತ ಉಪಯೋಗಕ್ಕೆ ತೋಟದ ಮನೆ ಕಟ್ಟಿಕೊಳ್ಳಬಹುದು. ಅದು ಹಿಡುವಳಿಯ ನೂರಕ್ಕೆ ಹತ್ತು ಭಾಗ ಮೀರಬಾರದು, ಅದರ ಮೇಲೆ ನಿಯಮದಲ್ಲಿ ಗರಿಷ್ಠ ಮಿತಿಯೂ ಇದೆ. ವ್ಯಾಪಾರಕ್ಕೆ ಬಾಡಿಗೆ ಕೊಡುವ ಹಾಗಿಲ್ಲ. ಲೆಕ್ಕ ಹಾಕಿ: ಎರಡು ಎಕರೆ ಅಂದರೆ 80 ಗುಂಟೆ, ಅದರ ಹತ್ತನೇ ಒಂದು ಭಾಗ 8 ಗುಂಟೆ. ಒಂದು ಗುಂಟೆ 1089 ಚದರ ಅಡಿ. ಮೂವತ್ತು-ನಲವತ್ತರ ಮನೆಗೆ 1200 ಚದರ ಅಡಿ, ಅಂದರೆ ಗುಂಟೆಗಿಂತ ಸ್ವಲ್ಪ ಹೆಚ್ಚು. ಜಾಗಕ್ಕೇನೂ ಕೊರತೆಯಿಲ್ಲ.

ಕೊರತೆ ಬರೋದು ಬ್ಯಾಂಕಿನ ಬಾಗಿಲಲ್ಲಿ. ಮನೆ ಸಾಲಕ್ಕೆ ಅವರು ಸಾಮಾನ್ಯವಾಗಿ ಕೇಳೋದು ಭೂಪರಿವರ್ತನೆ, ಖಾತೆ, ಕಟ್ಟಡದ ಪರವಾನಗಿ. ಬರೀ ಪಹಣಿ ಹಿಡಿದು ಹೋದರೆ ವಾಪಸ್ ಕಳಿಸುತ್ತಾರೆ. ಆದ್ದರಿಂದ ಸಾಲ ಮಾಡಿಯೇ ಕಟ್ಟೋದಾದರೆ ಮನೆಗೆ ಬೇಕಾದಷ್ಟೇ ಗುಂಟೆಗೆ ಅಳತೆ ಮಾಡಿಸಿ ಪರಿವರ್ತನೆ ಕೇಳಿ. ಇಡೀ ಸರ್ವೆ ನಂಬರಿಗೆ ಯಾಕೆ ದುಡ್ಡು ಸುರೀಬೇಕು? ಪಟ್ಟಣದ ಯೋಜನಾ ಪ್ರದೇಶದೊಳಗೆ ಬಿದ್ದ ಹಳ್ಳಿಯಾದರೆ, ಅವರ ನಕ್ಷೆಯಲ್ಲಿ ನಿಮ್ಮ ಜಾಗ ವಸತಿಗೋ ಹಸಿರು ವಲಯಕ್ಕೋ ಅನ್ನೋದನ್ನ ಮೊದಲೇ ನೋಡಿ.

ಇನ್ನು ಪರವಾನಗಿ. 1993ರ ಪಂಚಾಯತ್ ರಾಜ್ ಕಾಯಿದೆಯ 64ನೇ ಕಲಂ ಪ್ರಕಾರ ಕಟ್ಟಡ ಕಟ್ಟಲು ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಅಧ್ಯಕ್ಷರು "ಕಟ್ಟಿಕೊಳ್ಳಿ ಗೌಡ್ರೇ" ಅಂದರೆ ಅದು ಅನುಮತಿ ಅಲ್ಲ. ಅರ್ಜಿ ಕೊಟ್ಟು ಸಕಾಲದ ಸ್ವೀಕೃತಿ ಚೀಟಿ ಇಸ್ಕೊಳ್ಳಿ. ಚೀಟಿ ಇಲ್ಲದ ಅರ್ಜಿ ಮೇಜಿನ ಮೇಲೇ ಮುದಿಯಾಗುತ್ತದೆ.

ನಕ್ಷೆಯಲ್ಲಿ ಚಕ್ಕುಬಂದಿ, ದಾರಿ, ಬಾವಿ, ಕೊಟ್ಟಿಗೆ, ಕಕ್ಕಸು ಗುಂಡಿ, ಚರಂಡಿ ಎಲ್ಲಾ ತೋರಿಸಿ. ಸುತ್ತ ಎಷ್ಟು ಜಾಗ ಬಿಡಬೇಕು ಅನ್ನೋದನ್ನ ಬರೆದು ಕೊಡಿ ಅಂತ ಕೇಳಿ. ರಸ್ತೆ ಪಕ್ಕದವರು ಲೋಕೋಪಯೋಗಿ ಇಲಾಖೆಯ ಕಟ್ಟಡ ರೇಖೆ ಎಲ್ಲಿದೆ ತಿಳಿಯಿರಿ. ನಾಳೆ ರಸ್ತೆ ಅಗಲವಾದಾಗ ಪರಿಹಾರ ಕೇಳೋದಕ್ಕೂ ಕಾಗದವೇ ಬೇಕು. ತಲೆ ಮೇಲೆ 11 ಕೆ.ವಿ. ತಂತಿ ಇದ್ದರೆ ಪಕ್ಕಕ್ಕೆ ಕನಿಷ್ಠ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಇರಲೇಬೇಕು. ಈಗ ಒಂದೇ ಅಂತಸ್ತು ಸಾಕು ಅನ್ನಬೇಡಿ, ಮಗ ಮಹಡಿ ಎತ್ತುವ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈಗ ಕಾಸಿನ ಮಾತು. 10 ಲಕ್ಷ ಸಾಲ, ನೂರಕ್ಕೆ 9ರ ಬಡ್ಡಿ, 15 ವರ್ಷ ಅಂತ ಇಟ್ಟುಕೊಳ್ಳಿ. ತಿಂಗಳ ಕಂತು 10,142 ರೂಪಾಯಿ. ಕೊನೆಗೆ ಕಟ್ಟಿದ್ದು 18 ಲಕ್ಷದ ಮೇಲೆ. ಸಂಬಳದವನಿಗೆ ತಿಂಗಳಿಗೊಮ್ಮೆ ದುಡ್ಡು ಬರುತ್ತೆ, ನಮಗೆ ಬರೋದು ಸುಗ್ಗಿಗೆ. ಕಂತನ್ನು ಸುಗ್ಗಿಗೆ ಹೊಂದಿಸಿ ಕೊಡ್ತೀರಾ ಅಂತ ಸಹಿ ಹಾಕೋ ಮೊದಲು ಕೇಳಿ.

ಪರವಾನಗಿ ಇಲ್ಲದವನು ಏನು ಮಾಡ್ತಾನೆ? ಬೆಳೆ ಸಾಲ ತಂದು ಸಿಮೆಂಟಿಗೆ ಹಾಕ್ತಾನೆ. ಕಿಸಾನ್ ಕಾರ್ಡಿನಲ್ಲಿ ಮನೆ ಖರ್ಚಿಗೆ ಅಂತ ಸೇರಿಸೋದು ನೂರಕ್ಕೆ ಹತ್ತರಷ್ಟು ಮಾತ್ರ. ಉಳಿದದ್ದು ಬೀಜ ಗೊಬ್ಬರದ ದುಡ್ಡು. ಗಡುವು ಮೀರಿದರೆ ಬಡ್ಡಿ ರಿಯಾಯಿತಿ ಹೋಗುತ್ತೆ. ಸಂಘದ ಶೂನ್ಯ ಬಡ್ಡಿ ಶೂನ್ಯವಾಗಿ ಉಳಿಯೋದಿಲ್ಲ. ಅದನ್ನು ತೀರಿಸೋಕೆ ಸಾಹುಕಾರನ ಹತ್ತಿರ ತಿಂಗಳಿಗೆ ನೂರಕ್ಕೆ ಮೂರರಂತೆ 2 ಲಕ್ಷ ತಂದರೆ ವರ್ಷಕ್ಕೆ ಬಡ್ಡಿಯೇ 72,000. ಅಸಲು ಹಾಗೇ ಇರುತ್ತೆ. ಹೀಗೆ ಮನೆ ನಿಲ್ಲುತ್ತೆ, ಹೊಲ ಹೋಗುತ್ತೆ.

ಆದ್ದರಿಂದ ನಕ್ಷೆ ಪೂರ್ತಿ ಮಾಡಿಸಿ, ಕೈಲಾದಷ್ಟು ಕಟ್ಟಿ. ಅಡುಗೆಮನೆ, ಎರಡು ಕೋಣೆ, ಕಾಳು ಇಡೋ ಜಾಗ ಮೊದಲು. ಮುಂದಿನ ಅಂಕಣ ಮುಂದಿನ ಒಳ್ಳೇ ಬೆಳೆಗೆ. ಪಕ್ಕದವನ ಗೇಟು ನೋಡಿ ನಮ್ಮ ಗೇಟು ಎತ್ತರಿಸೋದು ಬೇಡ.

ಆದರೆ ತಪ್ಪೆಲ್ಲಾ ರೈತನದೇ ಅಲ್ಲ. ಮನೆತನ ಒಂದಿದ್ದದ್ದು ನಾಲ್ಕಾಗಿದೆ, ಎಷ್ಟೋ ಊರಲ್ಲಿ ಗ್ರಾಮಠಾಣ ಮಾತ್ರ ಹಳೇ ಗಡಿಯಲ್ಲೇ ಇದೆ. ಜಾಗ ಇಲ್ಲದವನು ಹೊಲಕ್ಕೆ ಹೋಗದೆ ಇನ್ನೆಲ್ಲಿ ಹೋಗಬೇಕು? ಮುಂದಿನ ಗ್ರಾಮಸಭೆಗೆ ಎಲ್ಲರೂ ಬನ್ನಿ, ಮೂರು ಪ್ರಶ್ನೆ ಕೇಳಿ: ಗ್ರಾಮಠಾಣ ವಿಸ್ತರಣೆಗೆ ಪ್ರಸ್ತಾವ ಕಳಿಸಿದ್ದೀರಾ? ಕಟ್ಟಡದ ನಿಯಮ, ಶುಲ್ಕ ಕನ್ನಡದಲ್ಲಿ ಬೋರ್ಡಿಗೆ ಯಾವಾಗ ಹಾಕ್ತೀರಿ? ಬಾಕಿ ಉಳಿದ ಪರವಾನಗಿ ಅರ್ಜಿ ಎಷ್ಟು, ಯಾಕೆ?

ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸದೆ ಎದ್ದು ಬರಬೇಡಿ.